ಬಂದ ಅರ್ಜಿಯನ್ನು ಬಂದಂತೆಯೇ ಇಡಿ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ, ಗಿರಣಿಯ ಕಚೇರಿಯಲ್ಲಿ ಹಾಜರಿ, ಪಗಾರದ ಲೆಕ್ಕ ನೋಡುವ ಕಾರಕೂನರು. ಓದು ಮೆಟ್ರಿಕ್‌ವರೆಗೆ. ಫಾಕ್ಸ್‌ಪ್ರೋ ಎಂಬ ಡೇಟಾಬೇಸ್ ಭಾಷೆಯನ್ನು ಕೆಲಸ ಮಾಡುತ್ತಲೇ ಕಲಿತವರು. ಅಂತರ್ಜಾಲದ ಮೂಲಕ ನಮ್ಮ ವಾಚನಾಲಯಕ್ಕೆ ಬರುವ ಸದಸ್ಯತ್ವದ ಅರ್ಜಿಗಳನ್ನು ಅದೇ ಭಾಷೆಯಿಂದ ಕಡತಕ್ಕೆ ಸೇರಿಸಲು ಹೋಗಿ ಒಂದು ತಪ್ಪು ಮಾಡಿದೆವು. ಅದನ್ನು ಒಪ್ಪಿಕೊಂಡು, ಕಲಿತದ್ದನ್ನು ತಿಳಿಸುವುದೇ ಈ ಮಾತಿನ ಉದ್ದೇಶ.

ಫಾಕ್ಸ್‌ಪ್ರೋ ಈಗ ಹಳೆಯದು. ಮೈಕ್ರೋಸಾಫ್ಟ್ ಕಂಪನಿಯು 1992ರಲ್ಲಿ ಫಾಕ್ಸ್ ಸಾಫ್ಟ್‌ವೇರ್ ಕಂಪನಿಯನ್ನು ಕೊಂಡಿತು. ಕೊನೆಯದಾದ ವಿಷುಯಲ್ ಫಾಕ್ಸ್‌ಪ್ರೋ 9 ಹೊರಬಂದದ್ದು 2004ರಲ್ಲಿ. ಇನ್ನು ಹೊಸದು ಬಾರದೆಂದು 2007ರಲ್ಲಿ ಸಾರಿದರು. 2015ರಲ್ಲಿ ಬೆಂಬಲವೂ ನಿಂತಿತು. ಆದರೆ ವರ್ಷಗಟ್ಟಲೆಯ ಲೆಕ್ಕ ಅದರಲ್ಲೇ ಕೂತಿರುವಾಗ ಬಿಡುವುದು ಸುಲಭವಲ್ಲ. ಮುದಿ ಎತ್ತನ್ನೇ ಹೂಡಬೇಕಾದರೆ ಅದರ ನಡೆ ತಿಳಿದಿರಬೇಕು.

ಮೊದಲ ತಿಂಗಳು ಹನ್ನೊಂದು ಅರ್ಜಿಗಳು ಬಂದವು. ಕಡತ ತೆರೆದು ನೋಡಿದರೆ ಏಳು ಹೆಸರು ಸರಿಯಾಗಿವೆ. ಮಿಕ್ಕ ನಾಲ್ಕರ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹೆಸರೂ ಅದೇ, ಚಾಳಿನ ವಿಳಾಸವೂ ಅದೇ. ಫೋನ್ ನಂಬರಿನ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು. ಇಂಗ್ಲಿಷಿನಲ್ಲಿ ಬರೆದವರು ಉಳಿದರು, ಕನ್ನಡದಲ್ಲಿ ಬರೆದವರು ಅಳಿದರು. ಅದೂ ಕನ್ನಡ ಸಂಘದ ಕಡತದಲ್ಲಿ!

ಇದು ಹೇಗಾಯಿತು? ಅರ್ಜಿ ತುಂಬಿ ಗುಂಡಿ ಒತ್ತಿದಾಗ ಅದರ ಸಂಗತಿಯೆಲ್ಲ ಸಾಮಾನ್ಯವಾಗಿ ಒಂದೇ ಉದ್ದ ಸಾಲಾಗಿ ಹೊರಡುತ್ತದೆ. ಕಾಲಮಿನ ಹೆಸರು, ಸಮಚಿಹ್ನೆ, ತುಂಬಿದ ಮಾತು; ಆಮೇಲೆ & ಎಂಬ ಗುರುತು; ಮತ್ತೆ ಮುಂದಿನ ಕಾಲಮು. ಖಾಲಿ ಜಾಗವು + ಆಗುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿಗಳು ಹಾಗೆಯೇ ಹೋಗುತ್ತವೆ. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕೊಂಬು-ದೀರ್ಘದ ಗುರುತಿಗೂ ಮೂರು ಬೈಟುಗಳು. ಪ್ರತಿ ಬೈಟು ಶೇಕಡಾ ಚಿಹ್ನೆಯೊಡನೆ ಎರಡು ಗುರುತುಗಳಾಗಿ ಪಯಣಿಸುತ್ತದೆ. ‘ಕನ್ನಡ’ ಎಂಬ ಪುಟ್ಟ ಮಾತಿಗೆ ಒತ್ತಿನ ಗುರುತೂ ಸೇರಿ ಹದಿನೈದು ಬೈಟು. ದಾರಿಯಲ್ಲಿ ಅದು 45 ಗುರುತುಗಳ ಸಾಲು.

ಇಲ್ಲಿಯವರೆಗೆ ಏನೂ ಕೆಟ್ಟಿರಲಿಲ್ಲ. ಸಾಲು ನಮ್ಮ ಬಾಗಿಲಿಗೆ ಸುರಕ್ಷಿತವಾಗಿಯೇ ಬಂದಿತ್ತು. ಕೆಡಿಸಿದವರು ನಾವು. ಫಾಕ್ಸ್‌ಪ್ರೋ ತನ್ನ ಅಕ್ಷರಗಳನ್ನು ಚಿಕ್ಕ ಕೋಷ್ಟಕದಲ್ಲಿ ಇಟ್ಟುಕೊಂಡಿದೆ. ನಮ್ಮ ಯಂತ್ರದ ಕೋಷ್ಟಕದಲ್ಲಿ ಇರುವುದು 256 ಮನೆ ಮಾತ್ರ, ಕನ್ನಡಕ್ಕೆ ಅಲ್ಲಿ ಮನೆಯಿಲ್ಲ. ಬಂದ ಬೈಟುಗಳನ್ನು ಆ ಕೋಷ್ಟಕಕ್ಕೆ ತಿರುಗಿಸೆಂದು ನಾವು ಅಪ್ಪಣೆ ಕೊಟ್ಟೆವು. ಮನೆ ಸಿಗದ ಪ್ರತಿ ಅಕ್ಷರದ ಜಾಗದಲ್ಲೂ ಅದು ಪ್ರಶ್ನಾರ್ಥಕ ಇಟ್ಟಿತು. ಒಮ್ಮೆ ಹಾಗಾದ ಮೇಲೆ ಬಸಪ್ಪನೂ ಒಂದೇ, ಶಾರದೆಯೂ ಒಂದೇ. ಹಿಂದಕ್ಕೆ ತಿರುಗಿಸುವ ವಿದ್ಯೆ ಯಾರಲ್ಲೂ ಇಲ್ಲ.

ಈಗ ನಾವು ಪಾಲಿಸುವ ಕ್ರಮ ಇದು. ಕಚೇರಿಗೆ ಬಂದ ಕಾಗದವನ್ನು ಮೊದಲು ಆವಕದ ರಿಜಿಸ್ಟರಿನಲ್ಲಿ ದಾಖಲು ಮಾಡಿ, ಆಮೇಲೆ ಒಡೆದು ಓದುವುದಿಲ್ಲವೆ? ಹಾಗೆಯೇ ಇಡೀ ಸಾಲನ್ನು, ಒಂದು ಗುರುತೂ ಬದಲಿಸದೆ, ತಾರೀಖು ಹಾಕಿ ಬೇರೆ ಕಡತದಲ್ಲಿ ಮೊದಲು ಇಡುತ್ತೇವೆ. ಆಮೇಲೆ & ಇರುವಲ್ಲಿ ಸಾಲನ್ನು ತುಂಡು ಮಾಡುತ್ತೇವೆ, ಪ್ರತಿ ತುಂಡನ್ನು ಸಮಚಿಹ್ನೆಯಲ್ಲಿ ಸೀಳುತ್ತೇವೆ. ಅನಂತರ + ಅನ್ನು ಖಾಲಿ ಜಾಗ ಮಾಡಿ, ಕಡೆಯಲ್ಲಿ ಶೇಕಡಾ ಗುರುತುಗಳನ್ನು ಬಿಡಿಸುತ್ತೇವೆ. ಈ ಕ್ರಮ ತಲೆಕೆಳಗಾದರೆ, ಅರ್ಜಿದಾರರು ತಾವೇ ಬರೆದ & ಅವರ ಮಾತನ್ನು ಎರಡು ಹೋಳು ಮಾಡುತ್ತದೆ; ಫೋನ್ ನಂಬರಿನ ಮುಂದಿನ + ಮಾಯವಾಗುತ್ತದೆ.

ಕನ್ನಡದ ಹೆಸರನ್ನು ತಿರುಗಿಸದೆ, ಬೈಟುಗಳನ್ನು ಹಾಗೆಯೇ ಉಳಿಸುವ ಬೈನರಿ ಮೆಮೊ ಕಾಲಮಿನಲ್ಲಿ ಇಡುತ್ತೇವೆ. ಇಪ್ಪತ್ತು ಬೈಟಿನ ಸಾಮಾನ್ಯ ಕಾಲಮಿನಲ್ಲಿ ಆರು ಅಕ್ಷರ ಹಿಡಿದು ಏಳನೆಯದು ಅರ್ಧಕ್ಕೆ ಕತ್ತರಿಸುತ್ತದೆ. ಫಾಕ್ಸ್‌ಪ್ರೋದ ಪರದೆ ಕನ್ನಡವನ್ನು ತೋರಿಸಲಾರದು. ಆದ್ದರಿಂದ ಪಟ್ಟಿಯನ್ನು ಬ್ರೌಸರಿನಲ್ಲಿ ತೆರೆಯುವ ಪುಟವಾಗಿ ಬರೆಸಿ ಓದುತ್ತೇವೆ. ಟಿಕೆಟ್ ನಂಬರು, ಫೋನ್ ನಂಬರುಗಳನ್ನು ಅಂಕಿಯ ಕಾಲಮಿನಲ್ಲಿ ಇಡುವುದಿಲ್ಲ; 00417 ಎಂಬುದು ಅಲ್ಲಿ 417 ಆಗಿ ಕೂರುತ್ತದೆ. ಇನ್ನೊಂದು ಎಚ್ಚರ: ಹೊರಗಿನವರು ಬರೆದ ಮಾತನ್ನು ಅಪ್ಪಣೆಯೆಂದು ನಡೆಸುವ ಶಕ್ತಿ ಈ ಭಾಷೆಗೆ ಉಂಟು. ಅರ್ಜಿಯ ಮಾತನ್ನು ಅರ್ಜಿಯೆಂದೇ ನೋಡಬೇಕು, ಯಜಮಾನನ ಅಪ್ಪಣೆಯೆಂದಲ್ಲ.

ಬಂಧುಗಳೆ, ಊರು ಬಿಟ್ಟು ಬಂದವರಿಗೆ ಹೆಸರೊಂದೇ ಸ್ವಂತದ ಆಸ್ತಿ. ಅದನ್ನು ತಾಯ್ನುಡಿಯಲ್ಲಿ ಬರೆದುಕೊಟ್ಟವರಿಗೆ ನಾವು ಉತ್ತರ ಕೊಡಲಾಗಲಿಲ್ಲ. ಆ ನಾಲ್ವರು ಇಲ್ಲಿದ್ದರೆ, ಅಥವಾ ತಮ್ಮ ಪರಿಚಯದವರಾಗಿದ್ದರೆ, ಮೇಜಿನ ಮೇಲಿರುವ ವಹಿಯಲ್ಲಿ ದಯವಿಟ್ಟು ಇನ್ನೊಮ್ಮೆ ಹೆಸರು ಬರೆಯಬೇಕು, ಕನ್ನಡದಲ್ಲಿಯೇ. ಈ ಸಲ ಅದು ಅಳಿಯದು.