ದೀಪ ಜಾಸ್ತಿ ಬೆಳಗಿದರೆ ಮೇನ್ ಆಫ್ ಮಾಡಿ



ಹೋದ ಮಳೆಗಾಲದಲ್ಲಿ ನಮ್ಮ ಬೀದಿ ಕಂಬದ ನ್ಯೂಟ್ರಲ್ ತಂತಿ ಕಡಿಯಿತು. ನಮ್ಮನೆ ಬಲ್ಬು ಹಗಲಿನಂತೆ ಬೆಳಗಿತು, ಎದುರು ಮನೆಯದು ಮಂಕಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು! ಅಷ್ಟರಲ್ಲಿ ಸಾಲ ಮಾಡಿ ತಂದಿದ್ದ ಟಿ.ವಿ. ಸುಟ್ಟುಹೋಯಿತು.

ಮನೆಗೆ ಬೇಕಾದ್ದು 230 ವೋಲ್ಟು. ನ್ಯೂಟ್ರಲ್ ಹೋದರೆ 400ರ ಹತ್ತಿರಕ್ಕೂ ಏರಬಹುದು. ಫ್ಯೂಸು, ಎಂ.ಸಿ.ಬಿ. ಇದನ್ನು ತಡೆಯುವುದಿಲ್ಲ, ಲೋಡು ಹೆಚ್ಚಾದರೆ, ಇಲ್ಲವೆ ಶಾರ್ಟಾದರೆ ಮಾತ್ರ ಅವು ಕೆಲಸ ಮಾಡುವುದು. ನಾನೂ ಟಿ.ವಿ. ಸುಟ್ಟ ಮೇಲೇ ತಿಳಿದದ್ದು. ಆದ್ದರಿಂದ ದೀಪ ಅತಿಯಾಗಿ ಬೆಳಗಿದರೆ ನೋಡುತ್ತಾ ಕೂರಬೇಡಿ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಲೈನ್‌ಮನ್‌ಗೆ ತಿಳಿಸಿ. ವೋಲ್ಟೇಜ್ ಏರಿದೊಡನೆ ತಾನೇ ಕರೆಂಟು ಕಡಿಯುವ ಸಾಧನವನ್ನು ಮೇನ್ ಬೋರ್ಡಿಗೆ ಹಾಕಿಸಿದರೆ ಇನ್ನೂ ಒಳ್ಳೇದು.

ಗುಡುಗಿನ ಸೂಚನೆ ಕಂಡರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಸಂಘದ ಕಂಪ್ಯೂಟರಿಗೂ ಇದೇ ಮಾತು; ಕಾರ್ಯದರ್ಶಿಯವರು ಬೇಜಾರು ಮಾಡ್ಕೋಬಾರದು.