ಮಳೆಗಾಲಕ್ಕೆ ಮುಂಚೆ ಅಂಗಳ ಹಸನು ಮಾಡುವಾಗ



ಮೇ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ತರಗೆಲೆ ಗುಡಿಸುವುದು, ಸೌದೆ, ತೆಂಗಿನ ಮಡಲು ಒಳಗೆ ಹಾಕುವುದು ಶುರು. ಹೆಚ್ಚಿನ ಕಡೆ ಇದು ಹೆಂಗಸರದ್ದೇ ಕೆಲಸ. ರಾಶಿಯಡಿ ತಂಪು ಇರುತ್ತದೆ, ಇಲಿ, ಕಪ್ಪೆ ಇರುತ್ತವೆ. ಅವುಗಳ ಹಿಂದೆ ಹಾವೂ ಬರುತ್ತದೆ. ಒಣ ಎಲೆಗಳ ನಡುವೆ ಮಲಗಿದ ಕೊಳಕುಮಂಡಲ ಹತ್ತಿರ ಹೋದರೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಬರಿಗೈ ಹಾಕಬೇಡಿ. ಉದ್ದ ಕೋಲಿನಿಂದ ಕೆದಕಿ, ಸ್ವಲ್ಪ ಹೊತ್ತು ದೂರ ನಿಂತು, ಆಮೇಲೆ ಎಳೆಯಿರಿ. ಕಾಲಿಗೆ ಬೂಟು ಇರಲಿ. ಮನೆಯಲ್ಲಿ ಗಂಡಸರಿಗೆ ಮಾತ್ರ ಬೂಟು ತರುವುದು ಯಾಕೋ! ಕತ್ತಲಾದ ಮೇಲೆ ಈ ಕೆಲಸವೇ ಬೇಡ.

ಕಚ್ಚಿತು ಅಂತಿಟ್ಟುಕೊಳ್ಳಿ. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೆಡಿಸುತ್ತದೆ. ಬಿಗಿದು ಕಟ್ಟಿದರೆ ಇನ್ನೂ ಹಾಳು. ಊತ ಬರುವ ಮೊದಲೇ ಉಂಗುರ, ಬಳೆ, ಗೆಜ್ಜೆ ತೆಗೆಯಿರಿ. ನಡೆಸಬೇಡಿ, ಕೈಕಾಲು ಅಲುಗಾಡಿಸಬೇಡಿ, 108ಕ್ಕೆ ಫೋನ್ ಮಾಡಿ. ಹಾವನ್ನು ಕೊಂದು ತರುವ ಸಾಹಸವೂ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಚುಚ್ಚುಮದ್ದು ಒಂದೇ. ‘ಮೊದಲು ನಾಟಿ ಮದ್ದು ನೋಡೋಣ’ ಎಂದು ಕಾಯುವ ಹೊತ್ತಿನಲ್ಲಿ ಮೂತ್ರಪಿಂಡ ಕೆಟ್ಟೀತು.

2024ರಲ್ಲಿ ನಮ್ಮ ರಾಜ್ಯ ಸರಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಒಳ್ಳೆಯದೇ ಆಯಿತು. ಆದರೆ ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಚುಚ್ಚುಮದ್ದು ಇದೆ? ಈ ವಾರವೇ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ.