ಶ್ರೀರಂಗಪಟ್ಟಣದ ಪತನ ಮತ್ತು ನಮ್ಮ ನಗರ ಸೀಮೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಪಠ್ಯ)





ನಾಲ್ಕನೆಯ ಮೈಸೂರು ಯುದ್ಧ ಯಾವಾಗ ಮುಗಿಯಿತು ಎಂದು ಇಲ್ಲಿ ಕುಳಿತಿರುವ ಯಾವ ವಿದ್ಯಾರ್ಥಿಯನ್ನು ಕೇಳಿದರೂ 1799ರ ಮೇ 4 ಎಂಬ ಉತ್ತರ ಬರುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ಣ ಅಂಕವೂ ಸಿಗುತ್ತದೆ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದವರಾದ ನಾವು ಆ ಉತ್ತರಕ್ಕೆ ತೃಪ್ತರಾಗಬಾರದು. ಏಕೆಂದರೆ ಆ ಯುದ್ಧದ ಫಲ ನಮ್ಮ ಸೀಮೆಗೆ ತಲುಪಿದ್ದು ಆನಂತರ. ಅದರ ಒಂದು ಕಂತು ಬಂದದ್ದಂತೂ 32 ವರ್ಷಗಳ ಮೇಲೆ. ಇಂದು ನಾನು ಹೇಳಬೇಕೆಂದಿರುವುದು ಅದನ್ನೇ.

ಮೊದಲು ಯುದ್ಧದ ಕೊನೆಯ ವಾರಗಳನ್ನು ನೋಡೋಣ. 1799ರ ಫೆಬ್ರವರಿಯಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ವೆಲ್ಲೂರಿನಿಂದ ಹೊರಟಿತು. ನಿಜಾಮನ ಪಡೆ ಅದರ ಜೊತೆಗೂಡಿತು. ಮುಂಬಯಿ ಸೈನ್ಯ ಕಣ್ಣೂರಿನಿಂದ ಕೊಡಗಿನ ಮಾರ್ಗವಾಗಿ ಬಂತು. ಮಾರ್ಚ್ 6ರಂದು ಸಿದ್ದೇಶ್ವರದಲ್ಲಿ, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನರು ತಡೆಯಲು ಯತ್ನಿಸಿದರು. ಎರಡೂ ಕಡೆ ಹಿಂದೆ ಸರಿಯಬೇಕಾಯಿತು. ಏಪ್ರಿಲ್ 5ರಂದು ಶತ್ರುಸೈನ್ಯ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿತು.

ಆಗ ಎರಡೂ ಕಡೆಯವರು ಲೆಕ್ಕ ಹಾಕುತ್ತಿದ್ದುದು ಮಳೆಯನ್ನು. ಕಾವೇರಿ ತುಂಬಿತೆಂದರೆ ಕೋಟೆಯ ಬಳಿ ಯಾರೂ ಸುಳಿಯುವಂತಿರಲಿಲ್ಲ. ಮಳೆಗಾಲದ ಹೊಳೆ ಎಂದರೇನೆಂದು ತುಂಗೆಯ ದಡದ ನಿಮಗೆ ನಾನು ವಿವರಿಸಬೇಕಾಗಿಲ್ಲ. ಅತ್ತ ಹ್ಯಾರಿಸ್‌ನ ಪಾಳೆಯದಲ್ಲಿ ಭಾರ ಎಳೆಯುವ ಎತ್ತುಗಳು ಸಾಯುತ್ತಿದ್ದವು. ಏಪ್ರಿಲ್ ಮಧ್ಯದಲ್ಲಿ ದಾಸ್ತಾನು ಎಣಿಸಿದಾಗ ಅಕ್ಕಿ ಕೆಲವೇ ದಿನಗಳಿಗೆ ಸಾಕಾಗುವಷ್ಟಿತ್ತು. ಇನ್ನೊಂದು ತಿಂಗಳು ಕೋಟೆ ನಿಂತಿದ್ದರೆ ಮುತ್ತಿಗೆ ಹಾಕಿದವರೇ ಕಷ್ಟಕ್ಕೆ ಸಿಲುಕುತ್ತಿದ್ದರು.

ಏಪ್ರಿಲ್ 22ರಂದು ಹ್ಯಾರಿಸ್ ಷರತ್ತುಗಳನ್ನು ಕಳುಹಿಸಿದ. ಉಳಿದಿರುವ ರಾಜ್ಯದಲ್ಲಿ ಅರ್ಧ, ಎರಡು ಕೋಟಿ ರೂಪಾಯಿ, ಒತ್ತೆಯಾಗಿ ನಾಲ್ವರು ಪುತ್ರರು ಮತ್ತು ನಾಲ್ವರು ಸೇನಾಪತಿಗಳು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಗಿತ್ತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಬೇಕಾಗಿ ಬಂದಿತ್ತು, ಇಬ್ಬರು ಮಕ್ಕಳು ಒತ್ತೆ ಹೋಗಿದ್ದರು. ಈಗ ಮತ್ತೆ ಅದೇ. ಸುಲ್ತಾನರು ಒಪ್ಪಲಿಲ್ಲ.

ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಹಿಂದೆ ಅದೇ ಪಟ್ಟಣದಲ್ಲಿ ಸೆರೆಯಾಳಾಗಿದ್ದ ಜನರಲ್ ಬೇರ್ಡ್‌ನ ಮುಂದಾಳುತನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರು ನೀರು ಕಡಿಮೆಯಾಗಿದ್ದ ಹೊಳೆ ದಾಟಿ, ಒಡೆದ ಗೋಡೆಯ ಮೂಲಕ ನುಗ್ಗಿದರು. ಅದಕ್ಕೆ ಸ್ವಲ್ಪ ಮೊದಲು ನಿಷ್ಠಾವಂತ ಸೇನಾನಿ ಸಯ್ಯದ್ ಗಫಾರ್ ಗುಂಡಿಗೆ ಬಲಿಯಾಗಿದ್ದರು. ಸುಲ್ತಾನರು ಹೋರಾಡುತ್ತಲೇ ಪ್ರಾಣ ಬಿಟ್ಟರು. ರಾತ್ರಿ ಕೋಟೆಬಾಗಿಲ ಬಳಿ ಹೆಣಗಳ ರಾಶಿಯಲ್ಲಿ ಅವರ ದೇಹ ಸಿಕ್ಕಿತು. ಮರುದಿನ ಗುಂಬಜ್‌ನಲ್ಲಿ ತಂದೆ ಹೈದರ್ ಅಲಿಯವರ ಪಕ್ಕದಲ್ಲಿ ದಫನ್ ನಡೆಯಿತು. ಈ ಭಾಗ ನಿಮಗೆಲ್ಲ ಗೊತ್ತು, ಹೆಚ್ಚು ಬೆಳೆಸುವುದಿಲ್ಲ.

ಸೋಲಿನ ಕಾರಣ ಕೇಳಿದರೆ ನಮ್ಮಲ್ಲಿ ಒಂದೇ ಹೆಸರು ಬರುತ್ತದೆ: ಮೀರ್ ಸಾದಿಕ್. ಸಂಬಳದ ನೆಪದಲ್ಲಿ ಅವನು ಸೈನಿಕರನ್ನು ಗೋಡೆಯಿಂದ ದೂರ ಕರೆದನೆಂಬ ಮಾತು ಬಹಳ ಹಿಂದಿನಿಂದ ಇದೆ. ಆದರೆ ವಿದ್ಯಾರ್ಥಿಗಳೇ, ಒಬ್ಬ ದ್ರೋಹಿಯ ಹೆಸರಿನಲ್ಲಿ ಇಡೀ ಪಾಠ ಮುಗಿಸಬೇಡಿ. 1792ರಲ್ಲೇ ಅರ್ಧ ಆದಾಯ ಹೋಗಿತ್ತು. 1798ರ ಸೆಪ್ಟೆಂಬರ್‌ನಲ್ಲಿ ನಿಜಾಮ ಕಂಪನಿಯ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದ್ದ. ಮರಾಠರು ನೆರವಿಗೆ ಬರಲಿಲ್ಲ. 1798ರ ಆಗಸ್ಟ್‌ನಲ್ಲಿ ನೈಲ್ ನದಿಯ ಮುಖದಲ್ಲಿ ನೆಪೋಲಿಯನ್ನನ ನೌಕಾಪಡೆ ನಾಶವಾದ ಮೇಲೆ ಫ್ರೆಂಚರಿಂದ ಏನೂ ಬರುವಂತಿರಲಿಲ್ಲ. ಗೋಡೆ ಒಡೆಯುವ ಮೊದಲೇ ಮೈಸೂರು ಒಂಟಿಯಾಗಿತ್ತು.

ಇನ್ನು ಯುದ್ಧದ ನಂತರದ ಮಾತು. 1799ರ ಜೂನ್ 22ರಂದು ರಾಜ್ಯದ ಪಾಲು ಪಟ್ಟಿ ಆಯಿತು. ಕೆನರಾ, ಕೊಯಮತ್ತೂರು, ವಯನಾಡು ಕಂಪನಿಗೆ ಹೋದವು. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದರು. ಟಿಪ್ಪುವಿನ ಹಣಕಾಸು ನೋಡುತ್ತಿದ್ದ ಪೂರ್ಣಯ್ಯನವರೇ ಹೊಸ ದಿವಾನರಾದರು. ಸುಲ್ತಾನರ ಮಕ್ಕಳನ್ನು ವೆಲ್ಲೂರು ಕೋಟೆಗೆ, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಿದರು. ಸುಮಾರು ಎರಡು ಸಾವಿರ ಗ್ರಂಥಗಳಿದ್ದ ಅರಮನೆಯ ಪುಸ್ತಕ ಭಂಡಾರ ಕಲ್ಕತ್ತೆ ಮತ್ತು ಲಂಡನ್ನಿಗೆ ಹಂಚಿಹೋಯಿತು.

ಈ ಪಾಲು ಪಟ್ಟಿ ನಮ್ಮ ಮಲೆನಾಡನ್ನು ಹೇಗೆ ಮುಟ್ಟಿತು ನೋಡಿ. ಕೆಳದಿಯ ನಾಯಕರ ಕಾಲದಲ್ಲೂ ಆಮೇಲೆ ಹೈದರ್, ಟಿಪ್ಪು ಕಾಲದಲ್ಲೂ ಘಟ್ಟದ ಮೇಲೂ ಕೆಳಗೂ ಒಂದೇ ಆಡಳಿತವಿತ್ತು. ನಮ್ಮ ಅಡಿಕೆ, ಮೆಣಸು ಇಳಿಯುತ್ತಿದ್ದ ಬಂದರುಗಳು ನಮ್ಮದೇ ರಾಜ್ಯದಲ್ಲಿದ್ದವು. 1799ರಲ್ಲಿ ಕುಂದಾಪುರ, ಹೊನ್ನಾವರ, ಮಂಗಳೂರು ಕಂಪನಿಯ ಪಾಲಾದವು, ನಗರ ಮೈಸೂರಿನಲ್ಲಿ ಉಳಿಯಿತು. ಘಟ್ಟದ ನೆತ್ತಿಯೇ ಗಡಿಯಾಯಿತು. ಒಂದೇ ಭಾಷೆ ಆಡುವ ಜನ ಮತ್ತೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. 157 ವರ್ಷಗಳು!

ಎರಡನೆಯದು, ಕೆಲಸ ಕಳೆದುಕೊಂಡ ಸೈನಿಕರು. ಪೂರ್ಣಯ್ಯನವರು ಕೆಲವರನ್ನು ಸಿಲ್ಲೇದಾರ್ ಕುದುರೆ ಪಡೆಗೆ ತೆಗೆದುಕೊಂಡರು. ಉಳಿದವರ ಕೈಯಲ್ಲಿ ಕತ್ತಿ ಇತ್ತು, ಸಂಬಳವಿರಲಿಲ್ಲ. ಚನ್ನಗಿರಿಯ ಧೋಂಡಿಯ ವಾಘ್ ಶ್ರೀರಂಗಪಟ್ಟಣದ ಸೆರೆಮನೆಯಿಂದ ಹೊರಬಂದು, ಅಂಥ ಸವಾರರನ್ನು ಕೂಡಿಸಿಕೊಂಡು ನೇರವಾಗಿ ಬಂದದ್ದು ಬಿದನೂರು ಸೀಮೆಗೆ. ಕೋಟೆಗಳನ್ನು ಹಿಡಿದ, ಉಭಯ ಲೋಕಾಧೀಶ್ವರ ಎಂದು ಕರೆದುಕೊಂಡ. 1799ರ ಆಗಸ್ಟ್‌ನಲ್ಲಿ ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರಗಳಲ್ಲಿ ಕಾದಾಟ ನಡೆದು ಅವನು ತುಂಗಭದ್ರೆ ದಾಟಿ ಹೋದ. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಎದುರು ಹತನಾದ. ಅವನನ್ನು ಕೆಲವರು ವೀರ ಎನ್ನುತ್ತಾರೆ, ಕೆಲವರು ದರೋಡೆಕೋರ ಎನ್ನುತ್ತಾರೆ. ಎರಡು ಸೈನ್ಯಗಳು ಓಡಾಡಿದ ಗದ್ದೆಯ ರೈತನ ಪಾಡು ಮಾತ್ರ ಎರಡೂ ಕಥೆಯಲ್ಲಿ ಒಂದೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. 1799ರ ಜುಲೈ 8ರಂದು ಮೈಸೂರಿನೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ವರ್ಷಕ್ಕೆ ಏಳು ಲಕ್ಷ ಪಗೋಡಾ ಪೊಗದಿ ಕೊಡಬೇಕೆಂದು ಬರೆದಿತ್ತು. ಆ ಹಣ ಬಾರದೆಂಬ ಭಯ ಉಂಟಾದರೆ ಗವರ್ನರ್ ಜನರಲ್ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದೆಂದು ನಾಲ್ಕನೆಯ ಕಲಮು ಹೇಳಿತು. ಐದು ವರ್ಷದ ಮಗುವಿನ ಹೆಸರಿನಲ್ಲಿ ಆದ ಒಪ್ಪಂದ ಅದು!

ಆ ಕಲಮು ಮೂರು ದಶಕ ಕಾಗದದಲ್ಲೇ ಮಲಗಿತ್ತು. ಅದನ್ನು ಎಬ್ಬಿಸಿದ್ದು ನಮ್ಮ ನಗರದ ರೈತರ ಸಂಕಟ. ಅಮಲ್ದಾರರು ಇಷ್ಟು ಕಂದಾಯ ತಂದೇ ತೀರಬೇಕೆಂಬ ಶರ್ತು ಪದ್ಧತಿ, ನಗರದ ಫೌಜುದಾರಿಯಲ್ಲಿ ಬೇರೂರಿದ್ದ ಒಂದೇ ಬಳಗದ ಅಧಿಕಾರ, ಇವುಗಳಿಂದ ಬೇಸತ್ತ ರೈತರು 1830ರಲ್ಲಿ ಕೂಟ ಕಟ್ಟಿದರು. ಬೂದಿ ಬಸವಪ್ಪ ತಾನೇ ನಗರದ ಅರಸು ಮನೆತನದವನೆಂದು ಮುಂದೆ ಬಂದ, ತರೀಕೆರೆಯ ಪಾಳೇಗಾರರು ಸೇರಿಕೊಂಡರು. 1831ರ ಜೂನ್‌ನಲ್ಲಿ ಕಂಪನಿಯ ಸೈನ್ಯ ನಗರವನ್ನು ಹಿಡಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, 1799ರ ಒಪ್ಪಂದವನ್ನೇ ಆಧಾರವಾಗಿ ತೋರಿಸಿ, ಬೆಂಟಿಂಕ್ ಇಡೀ ಮೈಸೂರನ್ನು ಕಂಪನಿಯ ಆಡಳಿತಕ್ಕೆ ಒಳಪಡಿಸಿದ. ಹೀಗೆ ಮಾಡಿದ್ದು ಸರಿಯೇ ಎಂಬ ಸಂದೇಹ 1834ರಲ್ಲಿ ಅವನಿಗೇ ಬಂತು. ಆದರೂ ಅಧಿಕಾರ ಒಡೆಯರ ಮನೆತನಕ್ಕೆ ಹಿಂದಿರುಗಿದ್ದು 1881ರ ಮಾರ್ಚ್ 25ರಂದು. ಅಷ್ಟರಲ್ಲಿ ಮುಮ್ಮಡಿಯವರು ತೀರಿಕೊಂಡು 13 ವರ್ಷಗಳಾಗಿದ್ದವು.

ಇನ್ನೊಂದು ಮಾತನ್ನು ನ್ಯಾಯವಾಗಿ ಹೇಳಬೇಕು. ನಗರದ ಜನ ರಾಜ್ಯ ಬೀಳುವುದನ್ನು ಮೊದಲು ನೋಡಿದ್ದು 1799ರಲ್ಲಲ್ಲ. 1763ರಲ್ಲಿ ಹೈದರ್ ಅಲಿಯವರು ಬಿದನೂರನ್ನು ಗೆದ್ದು, ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದು, ಊರಿಗೆ ಹೈದರ್ ನಗರವೆಂದು ಹೆಸರಿಟ್ಟಿದ್ದರು. ಆದ್ದರಿಂದ ನಮ್ಮ ನೆರೆಮನೆಯವರ ನೆನಪು ನಮ್ಮ ನೆನಪಿನಂತೆಯೇ ಇರಬೇಕೆಂದು ನಿರೀಕ್ಷಿಸಬಾರದು. ಇಬ್ಬರೂ ಒಟ್ಟಿಗೆ ಕುಳಿತು ದಾಖಲೆ ಓದಿದರೆ ಮಾತು ಜಗಳವಾಗುವುದಿಲ್ಲ.

ಕಂಪನಿಯವರು ಫಿರಂಗಿಯ ಹಿಂದೆಯೇ ಲೇಖನಿ ತಂದರು. ಬ್ಯೂಕಾನನ್ 1800 ಮತ್ತು 1801ರಲ್ಲಿ ಊರೂರು ಸುತ್ತಿ ಬೆಳೆ, ಮಣ್ಣು, ಜನ, ಕಸುಬುಗಳನ್ನು ಬರೆದುಕೊಂಡ. ಮೆಕೆಂಜಿ ರಾಜ್ಯದ ಅಳತೆ ಮಾಡಿದ, ಕೈಫಿಯತ್ತುಗಳನ್ನು ಸಂಗ್ರಹಿಸಿದ. ನಮ್ಮನ್ನು ಆಳಿದವರು ನಮಗಿಂತ ಚೆನ್ನಾಗಿ ನಮ್ಮ ನಾಡನ್ನು ಓದಿದ್ದರು. ವಿದ್ಯೆಗಾಗಿಯೇ ಹುಟ್ಟಿದ ನಮ್ಮ ಸಂಘಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೇ?

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಈ ರಜೆಯಲ್ಲಿ ನಗರದ ಕೋಟೆಗೂ ಕವಲೇದುರ್ಗಕ್ಕೂ ಹೋಗಿ ಬನ್ನಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಡತ, ಓಲೆಗರಿಗಳನ್ನು ನೋಡಿ. ಶಿವಮೊಗ್ಗ ಜಿಲ್ಲಾ ಗೆಜೆಟಿಯರ್ ತೆರೆದು ನಮ್ಮ ಮೂರು ತಾಲ್ಲೂಕುಗಳ ಪುಟ ಓದಿ. ಟಿಪ್ಪು ಸುಲ್ತಾನರ ಬಗ್ಗೆ ಯಾರಾದರೂ ಹೊಗಳಿದರೂ ತೆಗಳಿದರೂ ಮೇ 4ಕ್ಕೆ ನಿಲ್ಲಬೇಡಿ, ಜುಲೈ 8ರ ಕಾಗದದಲ್ಲಿ ಏನಿತ್ತು ಎಂದು ಕೇಳಿ. ನಾಳೆ ನಿಮ್ಮ ಮುಂದೆ ಯಾವುದೇ ಪತ್ರ ಸಹಿಗೆ ಬಂದಾಗ ನಾಲ್ಕನೆಯ ಕಲಮನ್ನು ಎರಡು ಸಲ ಓದುವ ಅಭ್ಯಾಸ ಇದರಿಂದ ಬಂದರೂ ಸಾಕು.